ಯಾವೂರವರು, ಯಾರ ಪೈಕಿ?

ನಮ್ಮ ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯಲ್ಲಿ ಬಸ್ಸಿನ ಪಕ್ಕದ ಸೀಟಿಗೆ ಅಪರಿಚಿತರೊಬ್ಬರು ಬಂದು ಕುಳಿತರೆ ಮೊದಲು ಹೊರಡುವ ಮಾತು ‘ಯಾವೂರ್‍ರೀ ನಿಮ್ದು?’ ಎಂಬುದು. ಉತ್ತರ ಬಂದ ಕೂಡಲೇ ಎರಡನೆಯದು ಸಿದ್ಧವಾಗಿರುತ್ತದೆ: ‘ಯಾರ ಪೈಕಿ?’ ಈ ಎರಡು ಪ್ರಶ್ನೆಗಳ ಬಲದಿಂದ ಘಟಪ್ರಭಾದಲ್ಲಿ ಹತ್ತಿದವರು ಸಂಕೇಶ್ವರ ಮುಟ್ಟುವುದರೊಳಗೆ ಹೇಗಾದರೂ ಮಾಡಿ ಬೀಗರಾಗಿಬಿಡುತ್ತಾರೆ. ಇದರಲ್ಲಿ ಕೇಡೇನೂ ಇಲ್ಲ. ಮನುಷ್ಯ ತನ್ನ ಪಕ್ಕದವನನ್ನು ಗುರುತಿಸಿಕೊಳ್ಳಲು ಹುಡುಕುವ ಎಳೆ ಅದು.

ಆದರೆ ಅದೇ ಪ್ರಶ್ನೆಯನ್ನು ತಗಡಿನ ಶೆಡ್ಡಿನ ಮುಂದೆ ನಿಂತು, ಕೈಯಲ್ಲಿ ಲಾಠಿಯೋ ಮೊಬೈಲೋ ಹಿಡಿದು, ಕೂಲಿಯವನೊಬ್ಬನಿಗೆ ಕೇಳಿದಾಗ ಅದರ ಧ್ವನಿಯೇ ಬೇರೆಯಾಗುತ್ತದೆ. ಆಗ ಅದು ಪರಿಚಯದ ಪ್ರಶ್ನೆಯಲ್ಲ, ಪಾಟೀಸವಾಲು. ಉತ್ತರ ಹೇಳಿದರೆ ನಂಬುವವರಿಲ್ಲ. ಕಾಗದ ತೋರಿಸಿದರೆ ‘ಇದು ಖರೇ ಐತೋ, ಖೊಟ್ಟಿ ಐತೋ?’ ಎಂಬ ಇನ್ನೊಂದು ಪ್ರಶ್ನೆ.

ಅಕ್ರಮ ವಲಸೆ, ಪೌರತ್ವ, ‘ಹೊರಗಿನವರು’ ಎಂಬ ಮಾತುಗಳು ಈಗ ಕೆಲವು ವರ್ಷಗಳಿಂದ ದಿಲ್ಲಿಯ ಸಂಸತ್ತಿನಿಂದ ಹಿಡಿದು ನಮ್ಮೂರ ಚಹಾ ಅಂಗಡಿಯ ಬಾಕಿನವರೆಗೆ ಓಡಾಡುತ್ತಿವೆ. ಮಾತಿಗೆ ಕಾವು ಹೆಚ್ಚು, ಮಾಹಿತಿ ಕಡಿಮೆ. ವಿಜ್ಞಾನ ಪಾಠ ಹೇಳುವವರಿಗೆ ಒಂದು ರೂಢಿ ಇದೆ: ಮಿಶ್ರಣ ಕಂಡರೆ ಮೊದಲು ಅದನ್ನು ಬೇರ್ಪಡಿಸಿ ನೋಡುವುದು. ಇಲ್ಲಿಯೂ ಮೂರು ವಸ್ತುಗಳು ಕಲೆತಿವೆ. ಅನುಮತಿಯಿಲ್ಲದೆ ಗಡಿ ದಾಟಿ ಬರುವುದು ಕಾನೂನಿನ ಪ್ರಶ್ನೆ. ಪೌರತ್ವ ಹಕ್ಕಿನ ಪ್ರಶ್ನೆ. ಮುಖ, ಮಾತು, ಉಡುಗೆ ನೋಡಿ ಒಬ್ಬನನ್ನು ಹೀಗಳೆಯುವುದು ಮನಸ್ಸಿನ ರೋಗ. ಮೊದಲಿನದರ ಹೆಸರು ಹೇಳಿ ಮೂರನೆಯದನ್ನು ಮಾರುವ ವ್ಯಾಪಾರ ಜೋರಾಗಿರುವುದರಿಂದ ಈ ಲೇಖನ.

ಕರಿಯಮ್ಮನ ಅಗ್ರಹಾರದ ಶೆಡ್ಡುಗಳು

2020ರ ಜನವರಿ. ಬೆಂಗಳೂರಿನ ಬೆಳ್ಳಂದೂರು ಕಡೆಯ ಕರಿಯಮ್ಮನ ಅಗ್ರಹಾರ. ಖಾಸಗಿ ಜಾಗದಲ್ಲಿ ಬಾಡಿಗೆಗೆ ಕೊಟ್ಟ ತಗಡು ಮತ್ತು ತಾಡಪತ್ರಿಯ ಶೆಡ್ಡುಗಳು. ಸುತ್ತಲಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವವರು, ಕಾವಲು ಕಾಯುವವರು, ಕಟ್ಟಡದ ಕೆಲಸಕ್ಕೆ ಹೋಗುವವರು ಅಲ್ಲಿ ವಾಸವಾಗಿದ್ದರು. ‘ಇವರೆಲ್ಲ ಅಕ್ರಮ ಬಾಂಗ್ಲಾದೇಶಿಗಳು’ ಎಂಬ ವಿಡಿಯೊ ಒಂದು ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿತು. ಅದೇ ತಿಂಗಳ ಮೂರನೆಯ ವಾರದ ಕೊನೆಗೆ ಜೆಸಿಬಿ ಬಂದು ಶೆಡ್ಡುಗಳನ್ನು ನೆಲಸಮ ಮಾಡಿತು.

ನಿವಾಸಿಗಳು ಬೀದಿಯಲ್ಲಿ ನಿಂತು ಕಾಗದ ತೋರಿಸಿದರು. ಅವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು. ಜೊತೆಗೆ ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಹೋದವರೂ ಇದ್ದರು! ಅಚ್ಚ ಕನ್ನಡ ಮಾತಾಡುವವರು ಕರ್ನಾಟಕದ ರಾಜಧಾನಿಯಲ್ಲೇ ‘ಬಾಂಗ್ಲಾದೇಶಿ’ ಆಗಿ ಸೂರು ಕಳೆದುಕೊಂಡರು. ಅವರ ತಪ್ಪು ಒಂದೇ. ಬಡವರು ವಾಸಿಸುವ ಕಡೆ ವಾಸಿಸುತ್ತಿದ್ದರು.

ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠ ಜನವರಿ 22ರಂದು ತೆರವಿಗೆ ತಡೆ ನೀಡಿತು. ಕಾಯ್ದೆಯ ಅಧಿಕಾರವಿಲ್ಲದೆ, ವಿಚಾರಣೆ ಮಾಡದೆ ಹೀಗೆ ಮನೆ ಕೆಡವುವುದು ಮೇಲ್ನೋಟಕ್ಕೇ ಅಕ್ರಮ ಎಂದು ಕಂಡುಕೊಂಡು, ನಿರಾಶ್ರಿತರಾದವರಿಗೆ ಪುನರ್ವಸತಿ ಅಥವಾ ಪರಿಹಾರ ಕೊಡುವ ದಾರಿ ನೋಡಬೇಕೆಂದು ಸರಕಾರಕ್ಕೆ ಹೇಳಿತು. ಯಾರನ್ನು ಹುಡುಕುತ್ತೇವೆಂದು ಹೊರಟಿದ್ದರೋ ಅವರ ವಿಚಾರಣೆಯೇ ಆಗಿರಲಿಲ್ಲ. ಆದರೆ ಶಿಕ್ಷೆ ಮುಗಿದುಹೋಗಿತ್ತು.

ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಅದೇ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗರು ಗುವಾಹಟಿಯ ರೈಲು ಹತ್ತಿದ್ದರು. ಅಸ್ಸಾಮಿನ ಕೋಕ್ರಝಾರ್ ಗಲಭೆಯ ನಂತರ ಹಬ್ಬಿದ ಎಸ್ಸೆಮ್ಮೆಸ್ ವದಂತಿಗಳು ಅವರನ್ನು ಓಡಿಸಿದವು. ರೈಲ್ವೆ ಇಲಾಖೆ ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಅವರೆಲ್ಲ ಈ ದೇಶದ ಪ್ರಜೆಗಳೇ. ಆದರೂ ಕಣ್ಣು ಕಿರಿದು, ಮೂಗು ಚಪ್ಪಟೆ ಎಂಬ ಕಾರಣಕ್ಕೆ ‘ಚೀನಾದವರಾ?’ ಎಂದು ಕೇಳಿಸಿಕೊಂಡವರು.

ಗೋವೆಯಲ್ಲಿ ನಾವೂ ‘ಘಾಟಿ’ಗಳೇ

ನಮ್ಮ ಕಡೆಯವರಿಗೆ ಈ ವಿಷಯ ಹೊಸದೆಂದು ಯಾರೂ ತಿಳಿಯಬೇಕಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳ ಎಷ್ಟೋ ಮನೆಗಳಿಂದ ಒಬ್ಬರಾದರೂ ಗೋವೆಗೆ ದುಡಿಯಲು ಹೋಗಿದ್ದಾರೆ. ವಾಸ್ಕೋದ ಬಂದರು, ಪಣಜಿಯ ಕಟ್ಟಡಗಳು, ಮಡಗಾವಿಯ ಸಂತೆ, ಎಲ್ಲ ಕಡೆಯೂ ನಮ್ಮವರ ಬೆವರಿದೆ. ಅಲ್ಲಿ ಅವರಿಗಿರುವ ಹೆಸರು ‘ಘಾಟಿ’. ಘಟ್ಟದ ಮೇಲಿನಿಂದ ಇಳಿದು ಬಂದವರು ಎಂಬುದು ಮೂಲಾರ್ಥ. ಹೊಲಸು, ಗದ್ದಲ, ಕಳವು ಎಂಬುದು ಈಗಿನ ಧ್ವನಿ. 2004ರ ಜೂನ್ ತಿಂಗಳ ಮಳೆಯಲ್ಲಿ ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರೇ ಬಹಳ. 2015ರಲ್ಲಿ ಅದೇ ತೀರದಲ್ಲಿ ಮತ್ತೆ ಮನೆಗಳು ಬಿದ್ದವು. ಆಗ ನಮ್ಮ ಪತ್ರಿಕೆಗಳು ಬರೆದವು, ನಾಯಕರು ಮಾತಾಡಿದರು, ನಾವೆಲ್ಲ ನೊಂದುಕೊಂಡೆವು. ನೊಂದುಕೊಂಡದ್ದು ನ್ಯಾಯವೇ. ಆದರೆ ಅದೇ ನೋವು ಕರಿಯಮ್ಮನ ಅಗ್ರಹಾರದ ಅಸ್ಸಾಮಿ ಹೆಂಗಸಿಗೆ ಆದಾಗ ನಮಗೆ ತಟ್ಟುವುದಿಲ್ಲವೇಕೆ?

ಮುಂಬಯಿಯಲ್ಲಿ 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗು ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಉಡುಪಿ ಹೋಟೆಲಿನವರು ಆಗ ಅಲ್ಲಿ ‘ಲುಂಗಿಯವರು’. ನಮ್ಮ ಗಡಿಯಲ್ಲಿಯಂತೂ ಕನ್ನಡ-ಮರಾಠಿ ಜಗಳ ಎದ್ದಾಗಲೆಲ್ಲ ಎರಡೂ ಕಡೆಯ ಬಸ್ಸುಗಳಿಗೆ ಮಸಿ ಬೀಳುತ್ತದೆ. ಬಸ್ಸಿನೊಳಗೆ ಕುಳಿತವರಲ್ಲಿ ಹುಕ್ಕೇರಿಯ ಸೊಸೆಯೂ ಗಡಹಿಂಗ್ಲಜದ ಅಳಿಯನೂ ಇರುತ್ತಾರೆ.

ಇಷ್ಟು ದೂರ ಹೋಗುವುದೂ ಬೇಡ. ಹಿಡಕಲ್ ಜಲಾಶಯ ಕಟ್ಟಿದಾಗ ಹುಕ್ಕೇರಿ ತಾಲ್ಲೂಕಿನ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹುನ್ನೂರಿನ ವಿಠ್ಠಲ ಗುಡಿ ತಲೆ ಎತ್ತುವುದನ್ನು ನೋಡಲು ಜನ ಹೋಗುತ್ತಾರೆ. ಹಾಗೆ ಊರು ಕಳೆದುಕೊಂಡು ಬೇರೆ ಕಡೆ ನೆಲೆಸಿದವರನ್ನು ‘ಮುಳುಗಡೆ ಮಂದಿ’ ಎಂದು ಕರೆಯುವುದನ್ನು ನಾವು ಕೇಳಿದ್ದೇವೆ. ಹತ್ತು ಹರದಾರಿ ಆಚೆಯಿಂದ ಬಂದವರೂ ಹೊರಗಿನವರೇ! ಇನ್ನು ಕಬ್ಬು ನುರಿಸುವ ಹಂಗಾಮಿನಲ್ಲಿ ಬೀಡ ಮೊದಲಾದ ಮರಾಠವಾಡಾ ಜಿಲ್ಲೆಗಳಿಂದ ಬರುವ ಗ್ಯಾಂಗುಗಳ ಗುಡಾರಗಳು ಗದ್ದೆಯ ಅಂಚಿಗೆ ಏಳುತ್ತವೆ. ಊರಲ್ಲಿ ನೀರೆತ್ತುವ ಮೋಟಾರು ಕಳುವಾದರೆ ಮೊದಲ ಕಣ್ಣು ಬೀಳುವುದು ಆ ಗುಡಾರಗಳ ಮೇಲೆ.

ಕಾಯ್ದೆ ಏನು ಹೇಳುತ್ತದೆ?

ಯಾರು ಭಾರತದ ಪ್ರಜೆ ಎಂಬುದನ್ನು ಸಂವಿಧಾನದ 5ರಿಂದ 11ರವರೆಗಿನ ವಿಧಿಗಳೂ 1955ರ ಪೌರತ್ವ ಕಾಯ್ದೆಯೂ ಹೇಳುತ್ತವೆ. ಜನ್ಮದಿಂದ ಬರುವ ಪೌರತ್ವಕ್ಕೆ ಮೂರು ಕಾಲಘಟ್ಟಗಳಿವೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಈ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಸಾಮಾನ್ಯವಾಗಿ ಪ್ರಜೆಗಳು. 1987ರ ಜುಲೈ 1ರ ನಂತರ, 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಅಲ್ಲಿಂದೀಚೆಗೆ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ನೆಲದ ಋಣದಿಂದ ರಕ್ತದ ಋಣದ ಕಡೆಗೆ ಕಾಯ್ದೆ ಮೆಲ್ಲಗೆ ಹೊರಳಿದೆ.

2019ರ ಡಿಸೆಂಬರಿನಲ್ಲಿ ಇನ್ನೊಂದು ತಿದ್ದುಪಡಿ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಪೌರತ್ವದ ದಾರಿ ಸುಗಮವಾಯಿತು. ಅದರ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ನೆರೆದೇಶಗಳಲ್ಲಿ ಧರ್ಮದ ಕಾರಣಕ್ಕೆ ಹಿಂಸೆಗೊಳಗಾದ ಅಲ್ಪಸಂಖ್ಯಾತರಿಗೆ ಇದು ಆಸರೆ ಎಂಬುದು ಬೆಂಬಲಿಸುವವರ ವಾದ. ಪೌರತ್ವಕ್ಕೆ ಧರ್ಮವನ್ನು ಅಳತೆಗೋಲು ಮಾಡಿದ್ದು ಸಂವಿಧಾನದ ಸಮಾನತೆಗೆ ಸಲ್ಲದು ಎಂಬುದು ವಿರೋಧಿಸುವವರ ವಾದ. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ. ಆ ವಾದ ಹೇಗೇ ಇತ್ಯರ್ಥವಾಗಲಿ, ಅದಕ್ಕಿಂತ ಕೆಳಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ನಾನು ಪ್ರಜೆ ಎಂದು ನಾನು ತೋರಿಸುವುದು ಹೇಗೆ?

ಆಧಾರ್ ಸಾಕಲ್ಲವೇ ಎನ್ನಬಹುದು. ಸಾಲದು. ಭಾರತದಲ್ಲಿ 12 ತಿಂಗಳಲ್ಲಿ 182 ದಿನ ವಾಸವಿದ್ದ ಯಾರೇ ಆದರೂ, ವಿದೇಶಿಯೂ ಸಹ, ಆಧಾರ್ ಪಡೆಯಲು ಅವಕಾಶವಿದೆ. ಅದು ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ಪರಿಷ್ಕರಣೆಯ ಹೊತ್ತಿಗೆ ಆಧಾರನ್ನೂ ತೆಗೆದುಕೊಳ್ಳಿ ಎಂದು ಸುಪ್ರೀಂ ಕೋರ್ಟು ಹೇಳಿದಾಗಲೂ ಅದು ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಎಂದು ಸ್ಪಷ್ಟಪಡಿಸಿತು. ಹಾಗಾದರೆ ಉಳಿದದ್ದು ಹಳೆಯ ಕಾಗದಗಳು. ಜನನ ಪ್ರಮಾಣಪತ್ರ, ಶಾಲೆಯ ದಾಖಲಾ, ಹೊಲದ ಉತಾರ, ಹಿರಿಯರ ಹೆಸರಿರುವ ಮತದಾರರ ಪಟ್ಟಿ.

ಹೊಳೆ ಬಂತು, ಕಾಗದ ಹೋಯಿತು

2019ರ ಆಗಸ್ಟ್ ನಮ್ಮ ಕಡೆ ಮರೆಯುವ ತಿಂಗಳಲ್ಲ. ಘಟಪ್ರಭಾ, ಮಾರ್ಕಂಡೇಯ ಎರಡೂ ಒಮ್ಮೆಲೇ ಉಕ್ಕಿ ಗೋಕಾಕದ ಪೇಟೆಯೊಳಗೆ ನೀರು ಹೊಕ್ಕಿತು. ಲೋಳಸೂರ ಸೇತುವೆ ಮುಳುಗಿತು. ಹೊಳೆಯ ದಂಡೆಯ ಹಳ್ಳಿಗಳಲ್ಲಿ ಜನ ಉಟ್ಟ ಬಟ್ಟೆಯಲ್ಲೇ ಹೊರಬಿದ್ದರು. ನೀರು ಇಳಿದ ಮೇಲೆ ಟ್ರಂಕು ತೆರೆದು ನೋಡಿದರೆ ರೇಶನ್ ಕಾರ್ಡು, ಮಕ್ಕಳ ದಾಖಲಾ, ಹೊಲದ ಪತ್ರ ಎಲ್ಲ ಒಂದೇ ಮುದ್ದೆ.

ಅದೇ ತಿಂಗಳ 31ರಂದು, ಇಲ್ಲಿಂದ ಬಹು ದೂರದ ಅಸ್ಸಾಮಿನಲ್ಲಿ, ರಾಷ್ಟ್ರೀಯ ಪೌರರ ನೋಂದಣಿಯ ಅಂತಿಮ ಪಟ್ಟಿ ಪ್ರಕಟವಾಯಿತು. ಅರ್ಜಿ ಹಾಕಿದವರು 3,30,27,661 ಜನ. ಹೊರಗುಳಿದವರು 19,06,657 ಜನ. 1971ರ ಮಾರ್ಚ್ 24ಕ್ಕೆ ಮೊದಲಿನಿಂದ ತಮ್ಮ ಮನೆತನ ಇಲ್ಲಿತ್ತು ಎಂದು ಕಾಗದದಿಂದ ತೋರಿಸಬೇಕಿತ್ತು. ಬ್ರಹ್ಮಪುತ್ರಾ ವರ್ಷವರ್ಷವೂ ಊರು ಕೊಚ್ಚಿಕೊಂಡು ಹೋಗುವ ನಾಡಿನಲ್ಲಿ ಅರ್ಧ ಶತಮಾನದ ಹಿಂದಿನ ಕಾಗದ! ನಮ್ಮದು ಒಂದು ಆಗಸ್ಟಿನ ಹೊಳೆ. ಅವರದು ಪ್ರತಿ ಆಗಸ್ಟಿನ ಹೊಳೆ.

ಅದೇ ಪರೀಕ್ಷೆ ನಮಗೆ ಬಂದರೆ? ಊಹಿಸಿ ನೋಡೋಣ. ನಮ್ಮ ಹಿರಿಯರು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದವರು. ಅವರ ಹಳೆಯ ದಫ್ತರುಗಳು ಎಷ್ಟೋ ಕಡೆ ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ. ಮೂಡಲಗಿಯಂತೂ ಈಚೆಗಷ್ಟೇ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದದ್ದು. ತಾತನ ಕಾಗದದಲ್ಲಿ ಒಂದು ತಾಲ್ಲೂಕು, ಮೊಮ್ಮಗನದರಲ್ಲಿ ಇನ್ನೊಂದು. ತಲಾಠಿ ಬರೆದ ಹೆಸರು ಬಸ್ಯಾ, ಶಾಲೆಯಲ್ಲಿ ಬಸಪ್ಪ, ಆಧಾರಿನಲ್ಲಿ ಬಸವರಾಜ. ಅಡ್ಡಹೆಸರು ಒಂದು ಕಡೆ ಊರಿನದು, ಇನ್ನೊಂದು ಕಡೆ ಕಸುಬಿನದು.

ಹುಟ್ಟಿದ ತಾರೀಖಿನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾವುದೇ ಹಳ್ಳಿಯ ಕನ್ನಡ ಸಾಲಿಯ ಹಳೆಯ ಜನರಲ್ ರಜಿಸ್ಟರ್ ತೆರೆಯಿರಿ. ಪುಟಕ್ಕೆ ಪುಟ ಜೂನ್ 1! ಇಡೀ ಊರು ಒಂದೇ ದಿನ ಹುಟ್ಟಿತೇ? ಹಾಗಲ್ಲ. ‘ಹೋಳಿ ಹುಣ್ಣಿಮಿ ಆಗಿ ಎಂಟು ದಿನಕ್ಕ ಹುಟ್ಟ್ಯಾನ್ರಿ’ ಎನ್ನುವ ತಾಯಿಯ ಮಾತನ್ನು ಇಂಗ್ಲಿಷ್ ತಾರೀಖಿಗೆ ಇಳಿಸಲಾಗದೆ, ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ತುಂಬುವಂತೆ ಅಂದಿನ ಮಾಸ್ತರರು ಬರೆದುಕೊಂಡ ಅನುಕೂಲದ ತಾರೀಖು ಅದು. ಹುಡುಗನಿಗೆ ಅಕ್ಷರ ಸಿಗಲಿ ಎಂದು ಮಾಡಿದ ಉಪಕಾರ. ಅನುಮಾನದ ಕಣ್ಣಿಗೆ ಅದೇ ‘ಸುಳ್ಳು ದಾಖಲೆ’ ಆಗಬಹುದು.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ತವರಿನಲ್ಲಿ ಒಂದು ಹೆಸರು, ಅಕ್ಕಿಕಾಳು ಬಿದ್ದ ಮೇಲೆ ಗಂಡನ ಮನೆಯಲ್ಲಿ ಇನ್ನೊಂದು. ಹುಟ್ಟಿದ್ದು ಮಹಾರಾಷ್ಟ್ರದ ಜತ್ತಿನಲ್ಲೋ ಗಡಹಿಂಗ್ಲಜದಲ್ಲೋ, ಬಾಳುವುದು ಹುಕ್ಕೇರಿಯಲ್ಲಿ. ಶಾಲೆಗೆ ಹೋಗಿಲ್ಲ, ಹೊಲ ಅವಳ ಹೆಸರಿನಲ್ಲಿಲ್ಲ. ಅಸ್ಸಾಮಿನಲ್ಲಿಯೂ ಮದುವೆಯಾಗಿ ಬೇರೆ ಊರಿಗೆ ಹೋದ ಲಕ್ಷಾಂತರ ಹೆಂಗಸರಿಗೆ ತಂದೆಯೊಡನೆ ನಂಟು ತೋರಿಸಲು ಇದ್ದದ್ದು ಗ್ರಾಮ ಪಂಚಾಯತಿ ಕೊಟ್ಟ ಒಂದು ಚೀಟಿ. ಅದೂ ಸಲ್ಲದೆಂದು ಹೈಕೋರ್ಟು ಹೇಳಿ, 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಪಾಸಣೆಯ ಮೇಲೆ ಅದನ್ನು ಒಪ್ಪಿದ್ದರಿಂದ ಅವರು ಉಸಿರಾಡಿದರು. ನಮ್ಮ ಸೀಮೆಯಲ್ಲಿ ಇನ್ನೊಂದು ನೋವಿದೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳಿಗೆ ತಂದೆಯ ಹೆಸರಿನ ಕಾಲಂ ಖಾಲಿ. ‘ತಂದೆತಾಯಿ ಇಬ್ಬರೂ’ ಎಂದು ಕೇಳುವ ನಿಯಮದ ಮುಂದೆ ಆ ಮಗು ಏನನ್ನು ತೋರಿಸಬೇಕು?

ಸುಮಾರು 30 ವರ್ಷ ಸೈನ್ಯದಲ್ಲಿ ದುಡಿದು ನಿವೃತ್ತರಾದ ಅಸ್ಸಾಮಿನ ಒಬ್ಬರನ್ನು 2019ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ವಿದೇಶಿ ಎಂದು ಘೋಷಿಸಿತು. ಬಂಧನ ಕೇಂದ್ರದಲ್ಲಿದ್ದ ಅವರು ಹೈಕೋರ್ಟಿನ ಜಾಮೀನಿನ ಮೇಲೆ ಹೊರಬಂದರು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿ ಜಿಲ್ಲೆಯವರಾದ ನಮಗೆ, ಮನೆಮನೆಯಲ್ಲಿ ಫೌಜಿನವರಿರುವ ಊರುಗಳವರಿಗೆ, ಇದರ ಕಸಿವಿಸಿ ಬಿಡಿಸಿ ಹೇಳಬೇಕಿಲ್ಲ. 2024ರ ಜುಲೈಯಲ್ಲಿ ಇನ್ನೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಖಚಿತಪಡಿಸಿತು. ಆಧಾರವಿಲ್ಲದೆ ಯಾರನ್ನೋ ಎಬ್ಬಿಸಿ ‘ಪ್ರಜೆ ಎಂದು ಸಾಬೀತು ಮಾಡು’ ಎನ್ನುವಂತಿಲ್ಲ. ಹೆಸರಿನ ಕಾಗುಣಿತ, ತಾರೀಖಿನ ಸಣ್ಣ ವ್ಯತ್ಯಾಸ ಹಿಡಿದು ಪೌರತ್ವ ಕಿತ್ತುಕೊಳ್ಳುವಂತಿಲ್ಲ.

ಸಾವಿರ ಮಂದಿಯ ಒಂದು ಲೆಕ್ಕ

ಇನ್ನು ಸ್ವಲ್ಪ ಗಣಿತ. ‘ನಾವು ಮುಖ ನೋಡಿದರೇ ಹೇಳುತ್ತೇವೆ, ಮಾತು ಕೇಳಿದರೇ ಹೇಳುತ್ತೇವೆ’ ಎನ್ನುವವರಿದ್ದಾರೆ. ಅವರ ಮಾತನ್ನು ಒಪ್ಪಿಕೊಂಡೇ ಒಂದು ಕಲ್ಪಿತ ಲೆಕ್ಕ ಮಾಡೋಣ.

ಒಂದು ಕೂಲಿಕಾರರ ಬಡಾವಣೆಯಲ್ಲಿ 1,000 ಮಂದಿ ಇದ್ದಾರೆನ್ನಿ. ಅವರಲ್ಲಿ 10 ಮಂದಿ ನಿಜವಾಗಿ ಅನುಮತಿಯಿಲ್ಲದೆ ಗಡಿ ದಾಟಿ ಬಂದವರು, ಉಳಿದ 990 ಮಂದಿ ನಮ್ಮವರು. ನೋಡಿ ಹೇಳುವ ಮನುಷ್ಯ ಬಹಳ ಚಾಣಾಕ್ಷ, 100ಕ್ಕೆ 90 ಸಲ ಅವನ ಮಾತು ಸರಿ ಎಂದಿಟ್ಟುಕೊಳ್ಳೋಣ. ಆಗ ಆ 10 ಮಂದಿಯಲ್ಲಿ 9 ಮಂದಿಯನ್ನು ಅವನು ಹಿಡಿಯುತ್ತಾನೆ. ಭೇಷ್! ಆದರೆ 990ರಲ್ಲಿ 100ಕ್ಕೆ 10ರಂತೆ 99 ಮಂದಿಯನ್ನೂ ತಪ್ಪಾಗಿ ಹಿಡಿಯುತ್ತಾನೆ. ಒಟ್ಟು ಸಿಕ್ಕವರು 108. ಅದರಲ್ಲಿ ನಿಜವಾದವರು 9. ಅಂದರೆ ಹಿಡಿದ 12 ಮಂದಿಯಲ್ಲಿ 11 ಮಂದಿ ನಮ್ಮವರೇ!

100ಕ್ಕೆ 90 ಸರಿ ಹೇಳುವವನ ಗತಿ ಇದು. ಲುಂಗಿ, ಗಡ್ಡ, ಬಂಗಾಳಿ ಮಾತು, ಕಿರಿದಾದ ಕಣ್ಣು ನೋಡಿ ಹೇಳುವವನು ಅಷ್ಟು ಸರಿಯಾಗಿ ಹೇಳುವುದು ಸಾಧ್ಯವೇ? ಬಂಗಾಳಿ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆ. ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮಿನ ಬರಾಕ್ ಕಣಿವೆಯ ಮನೆಮಾತು. ಅಚಾನಕ್ಕಾಗಿ ಕೇಳಿದರೆ ಅದು ಢಾಕಾದ್ದೋ ಮಾಲ್ದಾದ್ದೋ ಎಂದು ಗೋಕಾಕದವರು ಹೇಳಬಲ್ಲರೇ?

ವೈದ್ಯರು ಈ ಲೆಕ್ಕವನ್ನು ಬಲ್ಲರು. ಆದ್ದರಿಂದಲೇ ಎರಡು ವಾರ ಕೆಮ್ಮಿದವರಿಗೆಲ್ಲ ಕ್ಷಯದ ಔಷಧ ಕೊಟ್ಟುಬಿಡುವುದಿಲ್ಲ, ಕಫದ ಪರೀಕ್ಷೆಗೆ ಕಳಿಸುತ್ತಾರೆ. ಮೊದಲ ಅನುಮಾನ ತಪ್ಪಾದರೆ ರೋಗಿಗೆ ಆಗುವ ನಷ್ಟ ಒಂದು ದಿನದ ಓಡಾಟ. ಇಲ್ಲಿ ಅನುಮಾನ ತಪ್ಪಾದರೆ ಹೋಗುವುದು ಮನೆ, ಕೂಲಿ, ಮಕ್ಕಳ ಶಾಲೆ, ಕೆಲವೊಮ್ಮೆ ದೇಶವೇ. 2025ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಕೂಲಿ ಮಾಡುತ್ತಿದ್ದ ಪಶ್ಚಿಮ ಬಂಗಾಳದ ಒಬ್ಬ ಗರ್ಭಿಣಿಯನ್ನು ಕುಟುಂಬಸಹಿತ ಬಾಂಗ್ಲಾದೇಶಕ್ಕೆ ದಾಟಿಸಿಬಿಟ್ಟರು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟು ಕರೆತರಲು ಆದೇಶಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಡಿಸೆಂಬರಿನಲ್ಲಿ ಆಕೆ ಮಗನೊಂದಿಗೆ ಮರಳಿದಳು. ಆ ಆರು ತಿಂಗಳನ್ನು ಯಾವ ಆದೇಶ ಹಿಂದಕ್ಕೆ ಕೊಡುತ್ತದೆ?

ಮೂಗು ಅಳೆದ ಕಾಲ

ಮುಖ ನೋಡಿ ಮನುಷ್ಯನನ್ನು ವಿಂಗಡಿಸುವ ಹುಚ್ಚಿಗೆ ಒಮ್ಮೆ ವಿಜ್ಞಾನದ ಅಂಗಿಯನ್ನೂ ತೊಡಿಸಲಾಗಿತ್ತು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲೆ ಭಾರತೀಯರ ಮೂಗುಗಳನ್ನು ಅಳೆಸಿದ. ಮೂಗಿನ ಅಗಲಕ್ಕೂ ಜಾತಿಯ ಮೇಲುಕೀಳಿಗೂ ನಂಟಿದೆ ಎಂದು ವಾದಿಸಿದ. ಈ ವಾದವನ್ನು ವಿಜ್ಞಾನ ಕಸದ ಬುಟ್ಟಿಗೆ ಹಾಕಿ ಬಹಳ ಕಾಲವಾಯಿತು.

ಅಂತಹುದೇ ಮನೋಭಾವ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಹುಟ್ಟಿಸಿತ್ತು. ತಪ್ಪು ಮಾಡಿದ್ದರಿಂದಲ್ಲ, ಇಂಥ ಕುಲದಲ್ಲಿ ಹುಟ್ಟಿದ್ದರಿಂದ ಅಪರಾಧಿ! ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿ ಬೇಲಿಯೊಳಗೆ ಇಂಥ ಜನರನ್ನು ಇರಿಸಿದರು. ದಿನಕ್ಕೊಮ್ಮೆ ಹಾಜರಿ, ಹೊರಗೆ ಹೋಗಲು ಚೀಟಿ. ಆ ಜಾಗಗಳನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಸ್ವತಂತ್ರ ಭಾರತ ಈ ಕಾಯ್ದೆಯನ್ನು 1952ರ ಆಗಸ್ಟ್ 31ರಂದು ತೆಗೆದುಹಾಕಿತು. ಕಾಯ್ದೆ ಹೋದರೂ ಕಣ್ಣು ಹೋಗಲಿಲ್ಲ. ಹರಣಶಿಕಾರಿಗಳ ಹುಡುಗ ಇಂದಿಗೂ ಸಂತೆಯಲ್ಲಿ ನಿಂತರೆ ವ್ಯಾಪಾರಿ ತನ್ನ ಗಲ್ಲಾ ಪೆಟ್ಟಿಗೆಯ ಮೇಲೆ ಕೈ ಇಡುತ್ತಾನೆ.

ಈಗಿನ ವಿಜ್ಞಾನ ಹೇಳುವುದೇನು? ಯಾವ ಇಬ್ಬರು ಮನುಷ್ಯರ ಡಿಎನ್‌ಎ ತೆಗೆದುಕೊಂಡರೂ 100ಕ್ಕೆ ಸುಮಾರು 99.9 ಪಾಲು ಒಂದೇ. 1972ರಲ್ಲಿ ರಿಚರ್ಡ್ ಲೆವೊಂಟಿನ್ ಲೆಕ್ಕ ಹಾಕಿ, ಮನುಷ್ಯರ ಆನುವಂಶಿಕ ವ್ಯತ್ಯಾಸದ ಸುಮಾರು 85 ಪಾಲು ಒಂದೇ ಜನಸಮುದಾಯದ ಒಳಗೇ ಇದೆ ಎಂದು ತೋರಿಸಿದ. ಮೊದಲ ಮಹಾಯುದ್ಧದ ಕೊನೆಗೆ ಗ್ರೀಸಿನ ಸಲೋನಿಕಾದಲ್ಲಿ ಹಿರ್ಶ್‌ಫೆಲ್ಡ್ ದಂಪತಿಗಳು ಹಲವು ದೇಶಗಳ ಸೈನಿಕರ ರಕ್ತ ಪರೀಕ್ಷಿಸಿದ್ದರು. ಅವರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಪ್ರಮಾಣದಲ್ಲಿ ಹೆಚ್ಚುಕಡಿಮೆ ಇದ್ದರೂ ಎ, ಬಿ, ಓ ಗುಂಪುಗಳು ಎಲ್ಲ ದೇಶದವರಲ್ಲಿಯೂ ಸಿಕ್ಕವು. ರಕ್ತನಿಧಿಯ ಬಾಟಲಿಯ ಮೇಲೆ ಗುಂಪಿನ ಹೆಸರಿರುತ್ತದೆ, ಊರಿನ ಹೆಸರಿರುವುದಿಲ್ಲ. ಆಪರೇಶನ್ ಟೇಬಲ್ಲಿನ ಮೇಲೆ ಮಲಗಿದವರ ಮನೆಯವರು ‘ಯಾವೂರವರ ರಕ್ತ?’ ಎಂದು ಕೇಳುವುದಿಲ್ಲ.

ನಮ್ಮ ಊಟದ ತಾಟನ್ನೇ ನೋಡಿ. ಜೋಳ ಆಫ್ರಿಕದಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಶೇಂಗಾ, ಮೆಣಸಿನಕಾಯಿ, ಗೋವಿನಜೋಳ ಅಮೆರಿಕ ಖಂಡದವು, ಪೋರ್ಚುಗೀಸರು ಕಾಲಿಟ್ಟ ಮೇಲೆ ನಮಗೆ ಸಿಕ್ಕವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಇಲ್ಲದೆ ಅಚ್ಚ ಉತ್ತರ ಕರ್ನಾಟಕದ ಊಟ ಎಲ್ಲಿದೆ? ಅರ್ಜಿ, ದಾಖಲೆ, ತಾಲ್ಲೂಕು, ಸರಕಾರ ಎಂಬ ಮಾತುಗಳು ಪಾರಸಿ-ಅರಬ್ಬಿ ಕಡೆಯಿಂದ, ಪಗಾರ, ಮೇಜು, ಬಟಾಟೆ ಪೋರ್ಚುಗೀಸರಿಂದ. ಹೊರಗಿನವರನ್ನು ಓಡಿಸಿ ಎಂದು ಅರ್ಜಿ ಬರೆಯಲು ಕುಳಿತರೆ ಹೊರಗಿನ ಪದಗಳನ್ನೇ ಬಳಸಬೇಕು!

ಮುಂಡಗೋಡ ಮತ್ತು ಸಿಂಧನೂರು

ನಮ್ಮ ನಾಡಿಗೆ ಇನ್ನೊಂದು ಮುಖವೂ ಇದೆ, ಅದನ್ನೂ ಹೇಳಬೇಕು. 1959ರ ನಂತರ ಟಿಬೆಟಿನಿಂದ ಜನ ಓಡಿಬಂದಾಗ ಅಂದಿನ ಮೈಸೂರು ಸರಕಾರ ಬೈಲುಕುಪ್ಪೆಯಲ್ಲಿ ಜಾಗ ಕೊಟ್ಟಿತು. 1966ರಲ್ಲಿ ಮುಂಡಗೋಡದಲ್ಲಿಯೂ ಅವರ ನೆಲೆ ಆಯಿತು. ಕಾಡು ಕಡಿದು ಗೋವಿನಜೋಳ ಬೆಳೆದರು. ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಸ್ವೆಟರ್ ಮಾರಲು ಬರುವವರು ಅವರೇ. ಅವರ ಮಕ್ಕಳು ಇಲ್ಲಿಯೇ ಹುಟ್ಟಿದರು. 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಕಾಯ್ದೆಯ ಪ್ರಕಾರ ಪ್ರಜೆಗಳೇ ಎಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಕಾಯ್ದೆಗೆ ಮುಖ ಕಾಣಲಿಲ್ಲ, ಹುಟ್ಟಿದ ತಾರೀಖು ಕಂಡಿತು. ಕಾಯ್ದೆಯ ಕಣ್ಣು ಹೀಗಿರಬೇಕು.

ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ನಿರಾಶ್ರಿತರ ಕ್ಯಾಂಪುಗಳಿವೆ. ಅರ್ಧ ಶತಮಾನ ಇಲ್ಲಿಯೇ ಬೇಸಾಯ ಮಾಡಿ, ಕನ್ನಡ ಕಲಿತು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದವರು. ಅವರಲ್ಲಿ ಐವರಿಗೆ 2024ರಲ್ಲಿ ಹೊಸ ತಿದ್ದುಪಡಿಯ ಅಡಿ ಪೌರತ್ವ ಸಿಕ್ಕಿತು. ಇಷ್ಟು ವರ್ಷ ಕಾಗದವಿಲ್ಲದೆ ಬದುಕಿದವರ ಬವಣೆ ಎಂಥದೆಂಬುದನ್ನು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಅಸ್ಸಾಮಿನವರ ಅಳಲೂ ಸುಳ್ಳಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಗಡಿಯೇ ಬೇಡ, ಯಾರು ಬೇಕಾದರೂ ಬರಲಿ ಎಂದಲ್ಲ. ಯಾವ ದೇಶಕ್ಕಾದರೂ ತನ್ನ ಬಾಗಿಲು ಕಾಯುವ ಹಕ್ಕಿದೆ. ಅಸ್ಸಾಮಿನ ಜನ 1979ರಿಂದ 1985ರವರೆಗೆ ಚಳವಳಿ ಮಾಡಿದ್ದು ತಮಾಷೆಗಲ್ಲ. ತಮ್ಮ ಭಾಷೆ, ತಮ್ಮ ನೆಲ, ತಮ್ಮ ಮತ ಕೈಬಿಟ್ಟು ಹೋಗುತ್ತದೆಂಬ ಭಯ ಅವರಿಗಿತ್ತು. ಗಡಿ ಭಾಗದಲ್ಲಿ ಕನ್ನಡಕ್ಕಾಗಿ ಕಾದಾಡಿದ ನಮಗೆ ಆ ಭಯ ಅರ್ಥವಾಗಬೇಕು. 1985ರ ಆಗಸ್ಟ್ 15ರ ಒಪ್ಪಂದ ಅದಕ್ಕೆ ಒಂದು ಗಡುವನ್ನು ಗೊತ್ತುಮಾಡಿತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅದೇ ಚಳವಳಿಯ ಕಾಲದಲ್ಲಿ, 1983ರ ಫೆಬ್ರುವರಿ 18ರಂದು, ನೆಲ್ಲಿ ಎಂಬಲ್ಲಿ ಸರಕಾರಿ ಲೆಕ್ಕದಲ್ಲಿಯೇ 1,800ಕ್ಕೂ ಹೆಚ್ಚು ಮಂದಿಯ ಕೊಲೆಯಾಯಿತು. ಹೆಚ್ಚಿನವರು ಹೆಂಗಸರು, ಮಕ್ಕಳು. ನ್ಯಾಯವಾದ ಭಯವೂ ದ್ವೇಷದ ಕೈಗೆ ಸಿಕ್ಕರೆ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕಳ್ಳದಾರಿಯಲ್ಲಿ ಬಂದವರಿದ್ದರೆ ಪೊಲೀಸರು ಹುಡುಕಲಿ, ಸುಳ್ಳು ಕಾಗದ ಮಾಡಿಕೊಡುವ ದಲ್ಲಾಳಿಯನ್ನು ಹಿಡಿಯಲಿ, ನ್ಯಾಯಾಲಯದ ಮುಂದೆ ನಿಲ್ಲಿಸಲಿ. ಆದರೆ ಅಗ್ಗದ ಕೂಲಿಗಾಗಿ ಅವರನ್ನು ಕರೆತಂದವರನ್ನೂ ಕೇಳಬೇಕು. ಬೇರೆ ರಾಜ್ಯದ ಕೂಲಿಗಳನ್ನು ತರುವ ಗುತ್ತಿಗೆದಾರ ಲೈಸನ್ಸ್ ಪಡೆದು ಪಟ್ಟಿ ಇಡಬೇಕೆಂಬ ಕಾಯ್ದೆ 1979ರಲ್ಲಿಯೇ ಬಂದಿತು. ಪಟ್ಟಿ ಸರಿಯಾಗಿ ಇಟ್ಟಿದ್ದರೆ ಯಾರು ಎಲ್ಲಿಯವರು ಎಂದು ಲಾಠಿ ಹಿಡಿದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಕೂಲಿಯ ಕಾಗದ ಕೇಳುವವರು ಗುತ್ತಿಗೆದಾರನ ಕಾಗದ ಕೇಳುವುದಿಲ್ಲ.

ನಾವು ಮಾಡಬಹುದಾದದ್ದು

ಮೊದಲನೆಯದು ಮನೆಯ ಕೆಲಸ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಹೆರಿಗೆ ಮನೆಯಲ್ಲಾಗಲಿ ದವಾಖಾನೆಯಲ್ಲಾಗಲಿ, 21 ದಿನದೊಳಗೆ ನೋಂದಣಿ ಮಾಡಿಸಿ. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಟ್ಟದ ಮೇಲಿಡಿ. ಹೊಳೆಯ ದಂಡೆಯವರಿಗೆ ಇದು ಬರಿಯ ಉಪದೇಶವಲ್ಲ. ಎರಡನೆಯದು ಶಾಲೆಗಳ ಕೆಲಸ. ಗೆದ್ದಲು ಹಿಡಿಯುತ್ತಿರುವ ಹಳೆಯ ಜನರಲ್ ರಜಿಸ್ಟರ್‌ಗಳು ಬರಿಯ ರದ್ದಿಯಲ್ಲ. ಎಷ್ಟೋ ಬಡವರ ಪಾಲಿಗೆ ಅವರು ಈ ನೆಲದವರೆಂದು ಹೇಳುವ ಏಕೈಕ ಸಾಕ್ಷಿ. ಅವನ್ನು ಒಣ ಜಾಗದಲ್ಲಿಡುವುದೂ ದೇಶಸೇವೆಯೇ.

ಮೂರನೆಯದು ಎಲ್ಲರ ಕೆಲಸ, ಖರ್ಚಿಲ್ಲದ್ದು, ಆದರೆ ಎಲ್ಲಕ್ಕಿಂತ ಕಠಿಣವಾದದ್ದು. ಮೊಬೈಲಿಗೆ ಬರುವ ‘ಇವರು ಅವರೇ ನೋಡಿ’ ಎಂಬ ವಿಡಿಯೊವನ್ನು ಮುಂದಕ್ಕೆ ಕಳಿಸುವ ಮೊದಲು ಸಾವಿರ ಮಂದಿಯ ಆ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು. ಹನ್ನೆರಡರಲ್ಲಿ ಹನ್ನೊಂದು ಮಂದಿ ನಮ್ಮವರು. ವಾಸ್ಕೋದ ಬಂದರಿನಲ್ಲಿ ಮೂಟೆ ಹೊರುತ್ತಿರುವ ನಮ್ಮೂರ ಹುಡುಗನ ಬಗ್ಗೆ ಅಲ್ಲಿಯವರು ಇಷ್ಟೇ ಲೆಕ್ಕ ಮಾಡಲಿ ಎಂದು ನಾವು ಬಯಸುತ್ತೇವಲ್ಲವೇ? ಅವನ ತಾಯಿ ಇಲ್ಲಿ ಬಾಗಿಲಲ್ಲಿ ಕುಳಿತು ಅವನ ಫೋನಿಗೆ ಕಾಯುತ್ತಿರುತ್ತಾಳೆ. ಅಸ್ಸಾಮಿನ ಬಾರ್ಪೇಟದಲ್ಲಿಯೂ ಅಂಥದೇ ಒಂದು ಬಾಗಿಲಿರುತ್ತದೆ.